ಕಾರಂತರ ಓದು: ಯಾವುದು ಮೊದಲು, ಯಾವುದು ಆಮೇಲೆ

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವುದು ಒಂದೇ ಪ್ರಶ್ನೆ. ಶಿವರಾಮ ಕಾರಂತರನ್ನು ಓದಬೇಕೆಂದು ಮನಸ್ಸು ಮಾಡಿದವರು ಯಾವ ಪುಸ್ತಕದಿಂದ ಶುರು ಮಾಡಬೇಕು? ಅದಾದ ಮೇಲೆ ಯಾವುದು? ಕೊನೆಗೆ ಯಾವುದು?

ಇದೇನು ಅಷ್ಟು ದೊಡ್ಡ ಪ್ರಶ್ನೆಯೇ ಎಂದು ಕೆಲವರಿಗೆ ಅನ್ನಿಸಬಹುದು. ಕೈಗೆ ಸಿಕ್ಕಿದ್ದನ್ನು ಓದಿದರಾಯಿತು ಎನ್ನಬಹುದು. ನಾಲ್ಕೈದು ಪುಸ್ತಕ ಬರೆದವರ ವಿಷಯದಲ್ಲಿ ಆ ಮಾತು ಸರಿ. ಕಾರಂತರ ವಿಷಯ ಹಾಗಲ್ಲ. ಅವರು 1902ರಲ್ಲಿ ಕೋಟದಲ್ಲಿ ಹುಟ್ಟಿದರು. 1997ರಲ್ಲಿ ತೀರಿಕೊಂಡರು. 95 ವರ್ಷ ತುಂಬಿದ ಬಾಳು ಅದು. ಅವರ ಪುಸ್ತಕಗಳು ಒಟ್ಟು 400ಕ್ಕೂ ಹೆಚ್ಚು. ಕಾದಂಬರಿಗಳೇ ಸುಮಾರು 45. ಉಳಿದಂತೆ ನಾಟಕ, ಪ್ರಬಂಧ, ಪ್ರವಾಸ ಕಥನ, ವಿಜ್ಞಾನ, ಯಕ್ಷಗಾನ, ಮಕ್ಕಳ ಪುಸ್ತಕ. ಗ್ರಂಥಾಲಯದಲ್ಲಿ ಕಾರಂತರ ಕಪಾಟಿನ ಮುಂದೆ ನಿಂತ ಹೊಸ ಓದುಗ ದಿಕ್ಕು ತೋಚದೆ ನಿಲ್ಲುತ್ತಾನೆ. ಯಾವುದೋ ಒಂದನ್ನು ತೆಗೆಯುತ್ತಾನೆ. ಅದು ಹಿಡಿಸದಿದ್ದರೆ ಕಾರಂತರು ತನಗೆ ಹೇಳಿಸಿದವರಲ್ಲ ಎಂದುಕೊಂಡು ಹಿಂತಿರುಗುತ್ತಾನೆ. ಅದು ದೊಡ್ಡ ನಷ್ಟ. ಆ ನಷ್ಟ ಆಗಬಾರದು ಎಂಬುದೇ ನನ್ನ ಈ ಮಾತಿನ ಉದ್ದೇಶ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಲಿ. ಕಾರಂತರ ಕಾದಂಬರಿಗಳು ಒಂದರ ಮುಂದುವರಿಕೆಯಾಗಿ ಇನ್ನೊಂದು ಬಂದವಲ್ಲ. ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಆದ್ದರಿಂದ ಇಂಥದ್ದನ್ನು ಬಿಟ್ಟರೆ ಇನ್ನೊಂದು ಅರ್ಥವಾಗದು ಎಂಬ ಭಯ ಬೇಡ. ಕ್ರಮ ಬೇಕಾಗಿರುವುದು ಬೇರೆ ಕಾರಣಕ್ಕೆ. ಒಂದು ಪುಸ್ತಕ ನಮ್ಮನ್ನು ಇನ್ನೊಂದಕ್ಕೆ ಸಿದ್ಧಮಾಡುತ್ತದೆ. ಸಿದ್ಧರಾಗಿ ಓದಿದಾಗ ಅದೇ ಪುಸ್ತಕ ಇಮ್ಮಡಿ ಕೊಡುತ್ತದೆ.

ಸಾಮಾನ್ಯವಾಗಿ ಜನ ಹಿಡಿಯುವ ದಾರಿಗಳು ಎರಡು. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಪ್ರಕಟಣೆಯ ಕ್ರಮ. ಮೊದಲು ಬರೆದದ್ದನ್ನು ಮೊದಲು ಓದುವುದು. ಕೇಳಲು ಇದು ನ್ಯಾಯವಾಗಿದೆ. ಲೇಖಕರು ಬೆಳೆದ ಬಗೆ ಇದರಿಂದ ತಿಳಿಯುತ್ತದೆ. ಆದರೆ ಕಾರಂತರು 1920ರ ದಶಕದಲ್ಲೇ ಕಾದಂಬರಿ ಬರೆಯತೊಡಗಿದವರು. 1928ರ 'ದೇವದೂತರು' ಒಂದು ವಿಡಂಬನೆ. ಅಲ್ಲಿ ಗೇಲಿಗೆ ಗುರಿಯಾದ ಸಂಗತಿಗಳು ಆ ಕಾಲದವು. ಇಂದಿನ ಓದುಗನಿಗೆ ಅವುಗಳ ಪರಿಚಯವಿಲ್ಲ. ಅಲ್ಲಿಂದ ಹೊರಟರೆ ಕಾರಂತರ ನಿಜವಾದ ಕಸುವು ಕಾಣುವ ಮೊದಲೇ ಆಯಾಸವಾಗುತ್ತದೆ. ಪ್ರಕಟಣೆಯ ಕ್ರಮ ಎರಡನೆಯ ಸಲದ ಓದಿಗೆ ತಕ್ಕದ್ದು. ಸಂಶೋಧಕರಿಗೆ ತಕ್ಕದ್ದು. ಮೊದಲ ಸಲ ಬರುವವರಿಗೆ ಅಲ್ಲ.

ಎರಡನೆಯದು ಪ್ರಸಿದ್ಧಿಯ ಕ್ರಮ. ಯಾವುದಕ್ಕೆ ದೊಡ್ಡ ಪ್ರಶಸ್ತಿ ಬಂದಿದೆಯೋ ಅದನ್ನೇ ಮೊದಲು ಓದುವುದು. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದದ್ದು 'ಮೂಕಜ್ಜಿಯ ಕನಸುಗಳು' ಕಾದಂಬರಿಗಾಗಿ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಅದೇ. ಉಡುಗೊರೆಯಾಗಿ ಕೊಡುವುದೂ ಅದನ್ನೇ. ಅದು ಶ್ರೇಷ್ಠ ಕೃತಿ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದು ಬಾಗಿಲಲ್ಲ. ಅಲ್ಲಿ ಕಥೆ ಸರಸರನೆ ನಡೆಯುವುದಿಲ್ಲ. ಅಜ್ಜಿ ಮತ್ತು ಮೊಮ್ಮಗನ ಮಾತುಕತೆಯೇ ಹೆಚ್ಚು. ದೇವರು, ಧರ್ಮ, ಸಂನ್ಯಾಸ, ಗಂಡು ಹೆಣ್ಣಿನ ಸಂಬಂಧ, ಇವೆಲ್ಲ ಅಲ್ಲಿ ತನಿಖೆಗೆ ಬರುತ್ತವೆ. ಲೇಖಕರ ಮೇಲೆ ನಂಬಿಕೆ ಬೆಳೆದ ಮೇಲೆ ಓದಬೇಕಾದ ಪುಸ್ತಕ ಅದು. ಮೊದಲೇ ಓದಿ ಅರ್ಧಕ್ಕೆ ಬಿಟ್ಟವರು ಬಹಳ ಜನ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪ್ರಕಟಣೆಯ ಕ್ರಮ ಹೊಸಬರಿಗೆ ಭಾರ. ಪ್ರಸಿದ್ಧಿಯ ಕ್ರಮ ಶಿಖರವನ್ನು ಮೊದಲೇ ತಂದಿಡುತ್ತದೆ. ಹಾಗಾದರೆ ಮೂರನೆಯ ದಾರಿ ಯಾವುದು?

ನಾನು ಹೇಳುವ ದಾರಿ ಕಾಲದ ಹರಹಿನದು. ಕಾರಂತರ ಕಾದಂಬರಿಗಳಲ್ಲಿ ಕೆಲವು ನಾಲ್ಕಾರು ದಿನಗಳ ಕಥೆ. ಕೆಲವು ಒಬ್ಬ ಮನುಷ್ಯನ ಬಾಳಿನ ಕಥೆ. ಕೆಲವು ಹಲವು ತಲೆಮಾರುಗಳ ಕಥೆ. ಒಂದಂತೂ ಸಾವಿರಾರು ವರ್ಷಗಳ ಕಥೆ. ಚಿಕ್ಕ ಕಾಲದಿಂದ ಹೊರಟು ದೊಡ್ಡ ಕಾಲದ ಕಡೆಗೆ ನಡೆಯಿರಿ. ಐದು ಕಾದಂಬರಿಗಳು ಸಾಕು. ಆ ಐದನ್ನು ಈಗ ಸಾಲಾಗಿ ಹೇಳುತ್ತೇನೆ. ಕಥೆಗಳ ಕೊನೆಯನ್ನು ಮಾತ್ರ ಹೇಳುವುದಿಲ್ಲ.

ಮೊದಲನೆಯದು 'ಬೆಟ್ಟದ ಜೀವ'. 1943ರಲ್ಲಿ ಬಂದದ್ದು. ಗಾತ್ರ ಚಿಕ್ಕದು. ಕಥೆ ನಡೆಯುವುದು ಸುಬ್ರಹ್ಮಣ್ಯದ ಆಚೆ, ಕುಮಾರಪರ್ವತದ ಮಗ್ಗುಲ ಕಾಡಿನಲ್ಲಿ. ಕಥೆ ಹೇಳುವವನು ಹೊತ್ತು ಮುಳುಗುವಾಗ ದಾರಿ ತಪ್ಪಿದ ಪ್ರಯಾಣಿಕ. ದೇರಣ್ಣ ಮತ್ತು ಬಟ್ಯ ಎಂಬಿಬ್ಬರು ಅವನನ್ನು ಗೋಪಾಲಯ್ಯ ಎಂಬ ಮುದುಕರ ಮನೆಗೆ ಕರೆತರುತ್ತಾರೆ. ಗೋಪಾಲಯ್ಯ ಮತ್ತು ಶಂಕರಮ್ಮ, ಇಬ್ಬರೇ ಆ ಮನೆಯಲ್ಲಿ. ಮಗ ಮನೆ ಬಿಟ್ಟು ಹೋಗಿದ್ದಾನೆ. ಮುಂದಿನ ಕೆಲವು ದಿನ ನಾವು ಆ ಮನೆಯಲ್ಲಿ ಉಳಿಯುತ್ತೇವೆ. ಬಿಸಿನೀರಿನ ಸ್ನಾನ, ಊಟ, ಉಪಚಾರ, ತೋಟ, ಹುಲಿಯ ಕಾಟ, ರಾತ್ರಿಯ ಹರಟೆ. ಇಷ್ಟೇ.

ಇದನ್ನೇ ಮೊದಲು ಓದಬೇಕು ಎನ್ನಲು ನನಗೆ ಬಲವಾದ ಕಾರಣವಿದೆ. ಕಥೆ ಹೇಳುವವನಿಗೂ ಆ ಊರು ಹೊಸದು. ಓದುವವನಿಗೂ ಹೊಸದು. ಅವನಿಗೆ ತಿಳಿಯದ್ದು ನಮಗೂ ತಿಳಿಯದು. ಅವನು ಕೇಳುತ್ತಾನೆ, ಗೋಪಾಲಯ್ಯ ಹೇಳುತ್ತಾರೆ, ನಮಗೆ ಗೊತ್ತಾಗುತ್ತದೆ. ಕಾರಂತರ ನಾಡಿಗೆ ಇಷ್ಟು ಸುಲಭವಾದ ಪ್ರವೇಶ ಇನ್ನೊಂದಿಲ್ಲ. ಕಾಡು ಕಡಿದು ತೋಟ ಮಾಡಿದ ಮನುಷ್ಯನ ಉಲ್ಲಾಸ ಅಲ್ಲಿದೆ. ಯಾರಿಗಾಗಿ ಈ ತೋಟ ಎಂಬ ಸಂಕಟವೂ ಅಲ್ಲಿದೆ. ದುಡಿಮೆಯ ಸುಖ, ಕರುಳಿನ ನೋವು, ಎರಡನ್ನೂ ಒಂದೇ ಮಾತಿನಲ್ಲಿ ಹಿಡಿಯುವ ಕಾರಂತರ ರೀತಿ ಇಲ್ಲಿಯೇ ಕಿವಿಗೆ ಪರಿಚಯವಾಗುತ್ತದೆ.

ಎರಡನೆಯದು 'ಚೋಮನ ದುಡಿ'. ಇದು 1933ರದು. 'ಬೆಟ್ಟದ ಜೀವ'ಕ್ಕಿಂತ ಹತ್ತು ವರ್ಷ ಹಿಂದಿನದು. ಆದರೂ ಎರಡನೆಯದಾಗಿ ಓದಿ ಎನ್ನುತ್ತೇನೆ. ಚೋಮ ಹೊಲೆಯರವನು. ಒಡೆಯರ ಮನೆಯ ಜೀತದಾಳು. ಅವನ ಹತ್ತಿರ ಒಂದು ಜೊತೆ ಎತ್ತುಗಳಿವೆ. ಉಳಲು ನೆಲವಿಲ್ಲ. ತುಂಡು ಗದ್ದೆಯನ್ನು ಗೇಣಿಗೆ ಹಿಡಿದು ತಾನೇ ಬೇಸಾಯ ಮಾಡಬೇಕು ಎಂಬುದೊಂದೇ ಅವನ ಆಸೆ. ಒಡೆಯ ಸಂಕಪ್ಪಯ್ಯನ ಮನಸ್ಸು ತುಸು ಕರಗಿದರೂ ಮನೆಯ ಹಿರಿಯರ ಮನಸ್ಸು ಕರಗುವುದಿಲ್ಲ. ಕಾಫಿತೋಟದ ಸಾಲ ಅವನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತದೆ. ಸಿಟ್ಟು ಬಂದಾಗ, ದುಃಖ ಉಕ್ಕಿದಾಗ ಚೋಮ ದುಡಿ ಬಾರಿಸುತ್ತಾನೆ.

ಈಗ ಇದನ್ನು 'ಬೆಟ್ಟದ ಜೀವ'ದ ಪಕ್ಕದಲ್ಲಿ ಇಟ್ಟು ನೋಡಿ. ಜಿಲ್ಲೆ ಒಂದೇ. ಮಳೆ ಒಂದೇ. ಮಣ್ಣಿನ ಮೇಲಿನ ಆಸೆ ಒಂದೇ. ದುಡಿಯುವ ತಾಕತ್ತೂ ಒಂದೇ. ಗೋಪಾಲಯ್ಯನಿಗೆ ನೆಲವಿದೆ, ಮುಂದೆ ನೋಡಿಕೊಳ್ಳುವ ಮಗನಿಲ್ಲ. ಚೋಮನಿಗೆ ಮಕ್ಕಳಿದ್ದಾರೆ, ಉಳಲು ನೆಲವಿಲ್ಲ. ಗೋಪಾಲಯ್ಯನ ಉಲ್ಲಾಸವನ್ನು ಕಂಡು ಬಂದವರಿಗೆ ಚೋಮನಿಗೆ ಏನನ್ನು ನಿರಾಕರಿಸಲಾಯಿತು ಎಂಬುದರ ಅಳತೆ ಸಿಗುತ್ತದೆ. ನೆಲದ ಸುಖ ಎಂಥದ್ದೆಂದು ತಿಳಿದವರಿಗೇ ನೆಲವಿಲ್ಲದವನ ಸಂಕಟ ಪೂರ್ತಿ ತಟ್ಟುವುದು. ಇನ್ನೂ ಒಂದು ಲಾಭವಿದೆ. ಚೋಮನನ್ನು ಓದಿದ ಮೇಲೆ ಮನಸ್ಸು ತಾನಾಗಿಯೇ ಮೊದಲ ಪುಸ್ತಕಕ್ಕೆ ಹಿಂತಿರುಗುತ್ತದೆ. ದಾರಿ ತೋರಿಸಿದ ಆ ಬಟ್ಯ ಯಾರು? ಅವನ ಮನೆಯಲ್ಲಿ ಆ ರಾತ್ರಿ ಏನು ಊಟ? ಮೊದಲ ಓದಿನಲ್ಲಿ ನಾವು ಕೇಳದ ಪ್ರಶ್ನೆ ಇದು. ಚೋಮ ನಮ್ಮ ಬಾಯಲ್ಲಿ ಆ ಪ್ರಶ್ನೆ ಇಡುತ್ತಾನೆ.

ಕಾಲೇಜಿನ ಪಠ್ಯವಾಗಿ 'ಚೋಮನ ದುಡಿ' ಓದಿದವರು ನಿಮ್ಮಲ್ಲಿ ಬಹಳ ಜನ ಇರಬಹುದು. ಪರೀಕ್ಷೆಗೆ ಓದಿದ್ದು ಬೇರೆ. ಈ ಕ್ರಮದಲ್ಲಿ ಇನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಎರಡು ಪುಸ್ತಕಗಳಾದವು. ಒಂದು ಕೆಲವು ದಿನಗಳದು. ಇನ್ನೊಂದು ಒಬ್ಬ ಮನುಷ್ಯನ ಬಾಳಿನ ಕೊನೆಯ ಭಾಗದ್ದು. ನೆಲ ಇದ್ದವನನ್ನು ನೋಡಿದೆವು, ಇಲ್ಲದವನನ್ನು ನೋಡಿದೆವು. ಮುಂದಿನ ಪ್ರಶ್ನೆ: ಇದ್ದ ನೆಲವನ್ನು ತಲೆಮಾರುಗಳು ಹೇಗೆ ಉಳಿಸಿಕೊಳ್ಳುತ್ತವೆ, ಹೇಗೆ ಕಳೆದುಕೊಳ್ಳುತ್ತವೆ?

ಇದಕ್ಕೆ ಉತ್ತರ ಮೂರನೆಯ ಪುಸ್ತಕ, 'ಮರಳಿ ಮಣ್ಣಿಗೆ'. 1940ರ ದಶಕದ ಆರಂಭದಲ್ಲಿ ಬಂದದ್ದು. ಇದು ದೊಡ್ಡ ಕಾದಂಬರಿ. ಕಡಲ ತೀರದ ಒಂದು ಹಳ್ಳಿ. ರಾಮ ಐತಾಳರು, ಅವರ ಮಗ ಲಚ್ಚ, ಅವನ ಮಗ ರಾಮ, ಹೀಗೆ ಮೂರು ತಲೆಮಾರು. ಅಜ್ಜ ಪೌರೋಹಿತ್ಯದವರು. ಮಗನನ್ನು ಇಂಗ್ಲಿಷ್ ಓದಿಗೆ ಹಾಕುತ್ತಾರೆ. ಮಗ ಪೇಟೆಯ ಚಟಗಳಿಗೆ ಬಿದ್ದು ಆಸ್ತಿ ಕಳೆಯುತ್ತಾನೆ. ಮೊಮ್ಮಗ ಓದುತ್ತಾನೆ, ಸ್ವಾತಂತ್ರ್ಯ ಚಳವಳಿಗೆ ಇಳಿಯುತ್ತಾನೆ, ಊರೂರು ಅಲೆಯುತ್ತಾನೆ.

ಹೆಸರಿಗೆ ಇದು ಮೂವರು ಗಂಡಸರ ಕಥೆ. ಆದರೆ ಮನೆಯನ್ನು ಹೊತ್ತು ನಿಂತವರು ಹೆಂಗಸರು. ಪಾರೋತಿ, ಸರಸೋತಿ, ಸತ್ಯಭಾಮೆ, ಆಮೇಲೆ ನಾಗವೇಣಿ. ಗದ್ದೆಯ ಕೆಲಸ, ಕೊಟ್ಟಿಗೆಯ ಕೆಲಸ, ಅಡುಗೆಮನೆಯ ಕೆಲಸ ಅವರ ತಲೆಯ ಮೇಲೆ. ಗಂಡಸರು ಮನೆ ಬಿಟ್ಟು ಹೋದಾಗಲೂ ಅವರು ಬಿಡುವುದಿಲ್ಲ.

ಈ ಕಾದಂಬರಿಗೆ ತಾಳ್ಮೆ ಬೇಕು. ಕರಾವಳಿಯ ಮಾತು, ಬೇಸಾಯದ ಪದಗಳು, ನೆಂಟರಿಷ್ಟರ ದೊಡ್ಡ ಬಳಗ, ಎಲ್ಲ ಇದೆ. ಮೊದಲೆರಡು ಪುಸ್ತಕ ಓದಿ ಬಂದವರಿಗೆ ಇದು ಕಷ್ಟವಾಗದು. ಕಿವಿ ಆಗಲೇ ಪಳಗಿರುತ್ತದೆ. ಒಂದು ಸಲಹೆ ಕೊಡುತ್ತೇನೆ. ಇದನ್ನು ಅವಸರದಲ್ಲಿ ಮುಗಿಸಬೇಡಿ. ಒಂದು ತಲೆಮಾರು ಮುಗಿದಾಗ ಒಂದೆರಡು ದಿನ ಬಿಡಿ. ಆಮೇಲೆ ಮುಂದೆ ಹೋಗಿ.

ಮೂರು ಪುಸ್ತಕಗಳಾದವು. ಕೆಲವು ದಿನ, ಒಂದು ಬಾಳು, ಮೂರು ತಲೆಮಾರು. ಇವೆಲ್ಲ ನಡೆಯುತ್ತಿರುವ ಬದುಕಿನ ಕಥೆಗಳು. ಬದುಕು ಮುಗಿದ ಮೇಲೆ ಏನು ಉಳಿಯುತ್ತದೆ? ಕಾರಂತರು ಈ ಪ್ರಶ್ನೆಯನ್ನೂ ಬಿಟ್ಟಿಲ್ಲ.

ನಾಲ್ಕನೆಯ ಪುಸ್ತಕ 'ಅಳಿದ ಮೇಲೆ'. 1960ರದು. ಯಶವಂತರಾಯ ಎಂಬವರು ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಳ್ಳುತ್ತಾರೆ. ಕೆಲವರಿಗೆ ಅವರು ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದರು. ಆ ಹೊಣೆಯನ್ನು ಒಬ್ಬ ಗೆಳೆಯನಿಗೆ ಬಿಟ್ಟು ಹೋಗಿದ್ದಾರೆ. ಗೆಳೆಯನೇ ಕಥೆ ಹೇಳುವವನು. ಅವನು ಆ ಜನರನ್ನು ಹುಡುಕಿಕೊಂಡು ಊರೂರು ತಿರುಗುತ್ತಾನೆ. ಸತ್ತವರ ಬರಹಗಳನ್ನು ಓದುತ್ತಾನೆ. ಒಬ್ಬರು ಒಳ್ಳೆಯವರೆನ್ನುತ್ತಾರೆ, ಇನ್ನೊಬ್ಬರು ದೂರುತ್ತಾರೆ. ಚೂರುಚೂರಾಗಿ ಸಿಕ್ಕ ಸಂಗತಿಗಳಿಂದ ಒಬ್ಬ ಮನುಷ್ಯನನ್ನು ಕಟ್ಟಬೇಕು. ಇಲ್ಲಿ ಕಾಲ ಹಿಂದಕ್ಕೆ ಹರಿಯುತ್ತದೆ. ಸಾವಿನಿಂದ ಬಾಳಿನ ಕಡೆಗೆ.

'ಮರಳಿ ಮಣ್ಣಿಗೆ'ಯಲ್ಲಿ ನಾವು ಮನೆತನ ಒಂದರ ಲೆಕ್ಕ ನೋಡಿದೆವು. ಯಾರು ಗಳಿಸಿದರು, ಯಾರು ಕಳೆದರು. ಇಲ್ಲಿ ಲೆಕ್ಕ ಬೇರೆ. ಹುಟ್ಟುವಾಗ ಪಡೆದಷ್ಟನ್ನು ಜಗತ್ತಿಗೆ ಹಿಂದಿರುಗಿಸಿದ್ದೇವೆಯೇ ಎಂದು ಕೇಳಿಕೊಂಡ ಒಬ್ಬನ ಬಾಳು ಇದು. ನಡುವಯಸ್ಸು ದಾಟಿದವರಿಗೆ ಈ ಪುಸ್ತಕ ತುಂಬ ಹತ್ತಿರವಾಗುತ್ತದೆ. ಎಳೆಯರು ಅವಸರ ಮಾಡಬೇಕಾಗಿಲ್ಲ. ಸ್ವಲ್ಪ ಕಾಯ್ದು ಓದಿದರೂ ಸರಿಯೇ.

ಐದನೆಯದೇ 'ಮೂಕಜ್ಜಿಯ ಕನಸುಗಳು'. 1968ರದು. ಮೂಕಜ್ಜಿಗೆ ಎಂಬತ್ತರ ಆಸುಪಾಸು. ಬಾಲ್ಯದಲ್ಲೇ ವಿಧವೆಯಾದವಳು. ಮೊಮ್ಮಗ ಸುಬ್ಬರಾಯ ಅವಳ ಕೈಗೆ ಹಳೆಯ ವಸ್ತುಗಳನ್ನು ಕೊಡುತ್ತಾನೆ. ಅವನ್ನು ಮುಟ್ಟಿದಾಗ ಅಜ್ಜಿಗೆ ಅವುಗಳ ಹಿಂದಿನ ಕಾಲ ಕಾಣುತ್ತದೆ. ಗುಹೆಯಲ್ಲಿದ್ದ ಮನುಷ್ಯ, ಅವನ ಭಯ, ಅವನು ಕಟ್ಟಿಕೊಂಡ ದೇವರು, ದೇವರ ಹೆಸರಲ್ಲಿ ಮಾಡಿದ ಜಗಳ, ಎಲ್ಲವೂ. ಒಂದು ಹಳ್ಳಿಯ ಅಶ್ವತ್ಥದ ಕಟ್ಟೆಯ ಮೇಲೆ ಕುಳಿತು ಸಾವಿರಾರು ವರ್ಷಗಳ ಮನುಷ್ಯ ಜಾತಿಯನ್ನು ನೋಡುವ ಕಾದಂಬರಿ ಇದು.

ಇದನ್ನು ಐದನೆಯದಾಗಿ ಓದಿದವರಿಗೆ ಅಜ್ಜಿಯ ಮಾತು ಉಪದೇಶದಂತೆ ಕೇಳುವುದಿಲ್ಲ. ಅವಳು ಯಾರೆಂದು ಅವರಿಗೆ ಗೊತ್ತು. 'ಮರಳಿ ಮಣ್ಣಿಗೆ'ಯ ಸರಸೋತಿಯೂ ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ಅಣ್ಣನ ಮನೆಯಲ್ಲಿ ಬಾಳು ಸವೆಸಿದವಳು. ಅಂಥವಳ ಮೌನವನ್ನು ಮೊದಲು ಕಂಡಿದ್ದೇವೆ. ಈಗ ಅಂಥವಳೇ ಬಾಯಿ ಬಿಟ್ಟು ಮಾತನಾಡುತ್ತಿದ್ದಾಳೆ. ಬದುಕನ್ನು ಅನುಭವಿಸಬೇಡ ಎಂದು ತನಗೆ ಹೇಳಿದ ಧರ್ಮವನ್ನು ಅವಳು ಹೆದರದೆ ಪ್ರಶ್ನಿಸುತ್ತಾಳೆ. ಆ ಪ್ರಶ್ನೆಗೆ ಎಷ್ಟು ಭಾರವಿದೆ ಎಂಬುದು ಹಿಂದಿನ ನಾಲ್ಕು ಪುಸ್ತಕ ಓದಿದವರಿಗೆ ತಿಳಿಯುತ್ತದೆ.

ಕೇಳುಗರೇ, ಐದು ಪುಸ್ತಕಗಳನ್ನು ಇನ್ನೊಮ್ಮೆ ಹೇಳುತ್ತೇನೆ. ಬೇಕಾದವರು ಬರೆದುಕೊಳ್ಳಿ. ಒಂದು, 'ಬೆಟ್ಟದ ಜೀವ'. ಎರಡು, 'ಚೋಮನ ದುಡಿ'. ಮೂರು, 'ಮರಳಿ ಮಣ್ಣಿಗೆ'. ನಾಲ್ಕು, 'ಅಳಿದ ಮೇಲೆ'. ಐದು, 'ಮೂಕಜ್ಜಿಯ ಕನಸುಗಳು'. ತಿಂಗಳಿಗೊಂದರಂತೆ ಓದಿದರೂ ಅರ್ಧ ವರ್ಷದೊಳಗೆ ಮುಗಿಯುತ್ತವೆ.

ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ನಿಮ್ಮ ಒಲವು ಎತ್ತ ಎಂದು ಅಷ್ಟರೊಳಗೆ ನಿಮಗೇ ಗೊತ್ತಾಗಿರುತ್ತದೆ. ಹೆಂಗಸರ ಬಾಳು ನಿಮ್ಮನ್ನು ಕಾಡಿದ್ದರೆ 1937ರ 'ಸರಸಮ್ಮನ ಸಮಾಧಿ' ಓದಿ. ಅದರ ನಂತರ 1970ರ 'ಮೈಮನಗಳ ಸುಳಿಯಲ್ಲಿ' ಓದಿ. ಬಸರೂರಿನ ಮಂಜುಳೆ ಎಂಬ ವೇಶ್ಯೆಯ ಬಾಳನ್ನು ಕಾರಂತರು ಅಲ್ಲಿ ಗೌರವದಿಂದ ಬರೆದಿದ್ದಾರೆ. ಕಾಡು ನಿಮ್ಮನ್ನು ಎಳೆದರೆ 'ಕುಡಿಯರ ಕೂಸು' ಇದೆ. ಘಟ್ಟದ ಮೇಲಿನ ಕುಡಿಯ ಜನರ ಕಥೆ ಅದು. ಪೇಟೆಯಲ್ಲಿ ಬೆಳೆದವನೊಬ್ಬ ಹಿರಿಯರ ನೆಲ ಹುಡುಕಿ ಬರುವ ಕಥೆ ಬೇಕಾದರೆ 'ಚಿಗುರಿದ ಕನಸು' ಇದೆ. ಇವುಗಳಲ್ಲಿ ಯಾವುದು ಮೊದಲು ಎಂಬ ನಿಯಮ ಬೇಡ.

ಆತ್ಮಕಥೆಯ ಮಾತು ಉಳಿಯಿತು. 'ಹುಚ್ಚು ಮನಸ್ಸಿನ ಹತ್ತು ಮುಖಗಳು' 1948ರಲ್ಲಿ ಮೊದಲು ಬಂತು. ಅದನ್ನೇ ಮೊದಲು ಓದಿದರೆ ಲೇಖಕರ ಪರಿಚಯವಾಗುತ್ತದಲ್ಲ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಾರಂತರ ಬದುಕು ಅಷ್ಟು ದೊಡ್ಡದು. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಹೋದವರು. ನಾಟಕ ಆಡಿಸಿದವರು. 'ಡೊಮಿಂಗೊ' ಎಂಬ ಮೂಕಿ ಚಿತ್ರ ತೆಗೆದವರು. ಪುತ್ತೂರಿನಲ್ಲಿ ಬಾಲವನ ಕಟ್ಟಿದವರು. ಯಕ್ಷಗಾನಕ್ಕೆ ಬಾಳನ್ನೇ ಕೊಟ್ಟವರು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಇದನ್ನೆಲ್ಲ ಮೊದಲೇ ತಲೆಯಲ್ಲಿ ತುಂಬಿಕೊಂಡರೆ ಪ್ರತಿ ಪಾತ್ರದಲ್ಲೂ ಕಾರಂತರನ್ನೇ ಹುಡುಕುತ್ತೇವೆ. ಚೋಮ ನಮಗೆ ಚೋಮನಾಗಿ ಕಾಣುವುದಿಲ್ಲ. ಪಾತ್ರಗಳನ್ನು ಮೊದಲು ಕಾಣೋಣ. ಅವರನ್ನು ಕಂಡವರನ್ನು ಆಮೇಲೆ ಕಾಣೋಣ. ಆಗ ಆತ್ಮಕಥೆಯೂ ಹೆಚ್ಚು ರುಚಿಸುತ್ತದೆ.

ಸಿನಿಮಾಗಳ ಬಗ್ಗೆಯೂ ಒಂದು ಮಾತು. ಬಿ. ವಿ. ಕಾರಂತರ ನಿರ್ದೇಶನದಲ್ಲಿ 'ಚೋಮನ ದುಡಿ' 1975ರಲ್ಲಿ ತೆರೆಗೆ ಬಂತು. ಚೋಮನಾಗಿ ವಾಸುದೇವರಾಯರ ಅಭಿನಯ ಮರೆಯುವಂಥದ್ದಲ್ಲ. ಪಿ. ಶೇಷಾದ್ರಿಯವರು 'ಬೆಟ್ಟದ ಜೀವ' ಮತ್ತು 'ಮೂಕಜ್ಜಿಯ ಕನಸುಗಳು' ಎರಡನ್ನೂ ಚಿತ್ರ ಮಾಡಿದ್ದಾರೆ. ನೋಡಿ, ಖಂಡಿತ ನೋಡಿ. ಪುಸ್ತಕ ಓದಿದ ಮೇಲೆ ನೋಡಿ. ನಿಮ್ಮ ಮನಸ್ಸಿನಲ್ಲಿ ಒಬ್ಬ ಚೋಮ ಮೊದಲು ಹುಟ್ಟಲಿ.

ನಾನು ಹೇಳಿದ್ದು ಶಿವರಾಮ ಕಾರಂತರ ಓದಿನ ಮಾತು. ಇದೇ ಬಗೆಯಲ್ಲಿ ಬೇರೆ ಲೇಖಕರಿಗೂ ನೀವೇ ಕ್ರಮ ಕಟ್ಟಿಕೊಳ್ಳಬಹುದು. ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಸಿದ್ಧತೆಯೂ ಇಲ್ಲದೆ ಓದಬಹುದಾದ ಪುಸ್ತಕ ಯಾವುದು? ಅದು ಎತ್ತಿದ ಪ್ರಶ್ನೆಯನ್ನು ಮುಂದಕ್ಕೆ ಒಯ್ಯುವ ಪುಸ್ತಕ ಯಾವುದು? ಲೇಖಕರು ತಮ್ಮ ಬಗ್ಗೆಯೇ ಬರೆದದ್ದು ಯಾವುದು? ಮೊದಲ ಉತ್ತರ ಆರಂಭಕ್ಕೆ. ಎರಡನೆಯದು ನಡುವಿಗೆ. ಮೂರನೆಯದು ಕೊನೆಗೆ. ಕುವೆಂಪು ಅವರ ಗದ್ಯಕ್ಕೆ ಇದನ್ನು ಅನ್ವಯಿಸಿದರೆ 'ಮಲೆನಾಡಿನ ಚಿತ್ರಗಳು' ಮೊದಲಾಗುತ್ತದೆ. ಆಮೇಲೆ 'ಕಾನೂರು ಹೆಗ್ಗಡಿತಿ', ಅದಾದ ಮೇಲೆ 'ಮಲೆಗಳಲ್ಲಿ ಮದುಮಗಳು'. ಕೊನೆಗೆ 'ನೆನಪಿನ ದೋಣಿಯಲ್ಲಿ'.

ಮುಗಿಸುವ ಮೊದಲು ನನ್ನದೊಂದು ಕೋರಿಕೆ. ಈ ವಾರ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ. 'ಬೆಟ್ಟದ ಜೀವ' ತನ್ನಿ. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಅವರಿಗೂ ಕೇಳುವಂತೆ ಗಟ್ಟಿಯಾಗಿ ಓದಿ. ಓದಿ ಮುಗಿದ ಮೇಲೆ ಅದನ್ನು ಹಿಂದಿರುಗಿಸಿ, 'ಚೋಮನ ದುಡಿ'ಯನ್ನು ಕೇಳಿ ಪಡೆಯಿರಿ. ಈ ಎರಡನ್ನು ಹೀಗೆ ಜೊತೆಯಾಗಿ ಓದಿದವರು ಮೂರನೆಯ ಪುಸ್ತಕಕ್ಕೆ ನನ್ನ ಸಲಹೆಯನ್ನು ಕಾಯಬೇಕಾಗಿಲ್ಲ.